ಬೀದಿಗೆಲ್ಲ ಒಂದೇ ಟೀವಿ

ಅಮೆರಿಕದ ಟೊಲೀಡೊ ಊರಿನ ಹೊರಗೆ, ಮೊನ್ನೆ ಮೊನ್ನೆಯವರೆಗೂ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಎದ್ದ ಹೊಸ ಬಡಾವಣೆಯಲ್ಲಿ ಮೊದಲು ಟೀವಿ ಬಂದದ್ದು ವರ್ನಾಳ ಮನೆಗೆ. ಯುದ್ಧದ ದಿನಗಳಲ್ಲಿ ಅವಳು ಕಾರ್ಖಾನೆಯಲ್ಲಿ ಪ್ಯಾರಾಚೂಟ್ ಹೊಲಿಯುತ್ತಿದ್ದವಳು. ತವರಿನಲ್ಲಿ ಅಕ್ಕತಂಗಿಯರ ಜೊತೆ ಒಂದೇ ಮಂಚದಲ್ಲಿ ಮಲಗಿ, ಅಕ್ಕನ ಹಳೇ ಕೋಟನ್ನೇ ಒಳಹೊರಗು ಮಾಡಿ ಹೊಲಿದುಕೊಂಡು ತೊಟ್ಟವಳು. ನಾರ್ಬರ್ಟ್ ಯುದ್ಧದಿಂದ ಕೈಕಾಲು ನೆಟ್ಟಗಿಟ್ಟುಕೊಂಡು ಮರಳಿದ. ಗಾಜಿನ ಕಾರ್ಖಾನೆ ಸೇರಿದ, ಅವಳ ಕೈಹಿಡಿದ, ಈ ಮನೆಗೆ ಕರೆತಂದ. ಫ್ರಿಜ್ ಬಂತು, ಬಟ್ಟೆ ಒಗೆಯುವ ಯಂತ್ರ ಬಂತು, ಕೊನೆಗೆ ಟೀವಿಯೂ ಬಂತು. ಒಂದೊಂದು ಬಂದಾಗಲೂ ಸಂತೋಷದ ಬೆನ್ನಿಗೇ ಅವಳಿಗೊಂದು ಅಳುಕು.

"ಇಷ್ಟೆಲ್ಲ ನಮಗೇ ಯಾಕೆ ಬಂತೋ? ಯಾರಾದ್ರೂ ವಾಪಸ್ ಕೇಳಿದ್ರೆ?"

"ಯಾರು ಕೇಳ್ತಾರೆ? ದೇವರಿಗೇನು ಬೇರೆ ಕೆಲಸ ಇಲ್ವಾ?" ಎಂದು ನಾರ್ಬರ್ಟ್ ನಗುತ್ತಿದ್ದ.

ಐವತ್ತೆರಡನೇ ಇಸವಿಯ ಆ ಬೇಸಿಗೆಯಲ್ಲಿ ಪೋಲಿಯೋ ಊರೂರು ಸುತ್ತುತ್ತಿತ್ತು. ತಾಯಂದಿರು ಬೇಲಿಗಳ ಮೇಲೆ ಬಾಗಿ ಪಿಸುಗುಟ್ಟುವ ಮಾತೆಲ್ಲ ಅದೇ. ಪಕ್ಕದ ಮನೆಯ ಆರ್ಡಿತ್‌ಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಅವಳು ಬಾಯಿ ಬಿಟ್ಟರೆ ಬೀದಿಗೆಲ್ಲ ಕೇಳಬೇಕು.

"ಈಜುಕೊಳ ಬೇಡ, ಸಿನಿಮಾ ಬೇಡ, ಸರ್ಕಸ್ಸಂತೂ ಬೇಡವೇ ಬೇಡ. ಸರಿ, ಹಾಗಂತ ಮಕ್ಕಳನ್ನ ಕಟ್ಟಿ ಹಾಕೋಕಾಗುತ್ತಾ? ನಿನ್ನ ಟೀವಿ ಇದೆಯಲ್ಲೇ ವರ್ನಾ! ಬಾಗಿಲಲ್ಲಿ ಕೂತು ಟಿಕೆಟ್ ಹರಿ, ಸಾಹುಕಾರ್ತಿ ಆಗಿಬಿಡ್ತೀಯ."

ಹಾಗೆ ಶುರುವಾಯಿತು. ದಿನವೂ ಸಂಜೆ ಐದಕ್ಕೆ, ಕುದುರೆ ಸವಾರರ ಕಥೆ ಬರುವ ಹೊತ್ತಿಗೆ, ಬೀದಿಯ ಮಕ್ಕಳೆಲ್ಲ ವರ್ನಾಳ ಹಜಾರದಲ್ಲಿ. ಚಿತ್ರ ಚೆನ್ನಾಗಿ ಕಾಣಲೆಂದು ಪರದೆ ಎಳೆದ ಕೋಣೆ, ಒಬ್ಬರಿಗೊಬ್ಬರು ಅಂಟಿ ಕೂತ ಮಕ್ಕಳು, ನಡುವೆ ಬೆಣ್ಣೆ ಹಾಕಿದ ಜೋಳದ ಅರಳಿನ ದೊಡ್ಡ ಬೋಗುಣಿ, ಅದರೊಳಗೆ ಎಲ್ಲರ ಕೈ. ರೋಗ ಇರುವುದು ಜನಜಂಗುಳಿಯಲ್ಲಿ, ನಮ್ಮ ನಮ್ಮ ಮನೆಗಳಲ್ಲಿ ಎಲ್ಲಿಂದ ಬರುತ್ತದೆ ಎಂಬುದೇ ಎಲ್ಲ ತಾಯಂದಿರ ಎಣಿಕೆ. ಜಂಗುಳಿಯೇ ಮನೆಯೊಳಗೆ ಬಂದು ಕೂತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಹೈಸ್ಕೂಲು ಓದಿದವರೇ.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ವರ್ನಾಳ ಮಗ ಡ್ವೇನ್ ಊಟ ಬಿಟ್ಟು ಸೋಫಾದ ಮೇಲೆ ಮುದುಡಿ ಮಲಗಿದ. ಅವಳು ಹಣೆಯ ಮೇಲೆ ಅಂಗೈ ಇಟ್ಟಳು, ಆಮೇಲೆ ಕೆನ್ನೆ ಒತ್ತಿ ನೋಡಿದಳು. ಬೆಚ್ಚಗಿತ್ತು. ಬಿಸಿಲಲ್ಲಿ ಆಡಿದ್ದಾನೆ, ಅದಕ್ಕೇ ಇರಬೇಕು ಎಂದುಕೊಂಡು ಆಸ್ಪಿರಿನ್ ಅರೆದು ಕುಡಿಸಿದಳು.

ಐದಾಗುತ್ತಾ ಬಂತು. ನಿಂಬೆ ಶರಬತ್ತು ತಣ್ಣಗಾಗಿತ್ತು, ಹೊಸ ಗಾಜಿನ ಲೋಟಗಳು ತಟ್ಟೆಯಲ್ಲಿ ಸಾಲಾಗಿ ನಿಂತಿದ್ದವು. ಮಗನಿಗೆ ಮೈ ಬಿಸಿ ಎಂದು ಆ ಬೇಸಿಗೆಯಲ್ಲಿ ಒಂದು ಮಾತು ಬಾಯಿ ಜಾರಿದರೂ ಸಾಕು, ತಿಂಗಳುಗಟ್ಟಲೆ ಯಾರೂ ಹೊಸಿಲು ತುಳಿಯುವುದಿಲ್ಲ. ಆ ಒಂದು ಗಂಟೆಗಾಗಿ ಅವಳು ಬೆಳಗಿನಿಂದ ಕಾಯುತ್ತಿದ್ದಳು. ಆಗ ಅವಳು ಅಕ್ಕನ ಕೋಟು ತೊಟ್ಟವಳಲ್ಲ, ಬೀದಿಗೆಲ್ಲ ಬೇಕಾದವಳು.

ಬಾಗಿಲು ಬಡಿದ ಸದ್ದಾಯಿತು. ತೆರೆದಳು.

ಮಕ್ಕಳ ಗದ್ದಲ ಕೇಳಿ ಡ್ವೇನ್ ಕೂಡ ಸೋಫಾದಿಂದ ಕೆಳಗಿಳಿದು ಆರ್ಡಿತ್‌ಳ ಮಗಳು ಮಾರ್ಲಾಳ ಪಕ್ಕ ಕೂತು ಬೋಗುಣಿಗೆ ಕೈ ಹಾಕಿದ. ವರ್ನಾ ನೋಡಿದಳು. ನೋಡಿ, ಮಗಳ ಜೊತೆ ಬಂದು ಕೂತಿದ್ದ ಆರ್ಡಿತ್‌ಗೆ ಇನ್ನೊಂದು ಲೋಟ ಶರಬತ್ತು ಬಗ್ಗಿಸಿದಳು.

ಮಾರನೆಯ ಬೆಳಿಗ್ಗೆ ಡ್ವೇನ್‌ಗೆ ಕತ್ತು ಬಾಗಿಸಲಾಗಲಿಲ್ಲ. ಎಡಗಾಲು ಊರಲಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಗು ಎಲ್ಲೆಲ್ಲಿಗೆ ಹೋಗಿತ್ತು ಎಂದು ಕೇಳಿದರು. "ಎಲ್ಲೂ ಇಲ್ಲ ಡಾಕ್ಟ್ರೇ, ಮನೆಯಲ್ಲೇ ಇದ್ದ" ಎಂದಳು. ಅದು ಸುಳ್ಳಲ್ಲ. ಮಗನನ್ನು ಪೋಲಿಯೋದವರ ಬೇರೆ ವಾರ್ಡಿಗೆ ಸಾಗಿಸಿ, ತಾಯ್ತಂದೆಯರು ಗಾಜಿನಾಚೆಯಿಂದ ನೋಡಬಹುದು ಎಂದರು.

"ನಿನ್ನೆ ಚೆನ್ನಾಗೇ ಇದ್ನಲ್ಲೇ?" ಎಂದ ನಾರ್ಬರ್ಟ್.

"ಹ್ಞೂಂ."

ಮನೆಗೆ ಬಂದರೆ ಮೆಟ್ಟಿಲ ಮೇಲೆ ಬಟ್ಟೆ ಸುತ್ತಿದ ಪಾತ್ರೆ. ಕಾಯಿಲೆ ಸಾವು ಬಂದ ಮನೆಗೆ ಅಡುಗೆ ಕಳಿಸುವುದು ಅಲ್ಲಿಯವರ ರೀತಿ. ಈ ಸಲ ಯಾರೂ ಒಳಗೆ ಬರದೆ ಹೊರಗೇ ಇಟ್ಟು ಹೋಗಿದ್ದರು. ಆರ್ಡಿತ್ ಮಾಡಿದ ಮೀನಿನ ಶ್ಯಾವಿಗೆ, ಇನ್ನೂ ಬಿಸಿಯಾಗಿತ್ತು. ವರ್ನಾಳಿಗೆ ಒಂದು ತುತ್ತೂ ಇಳಿಯಲಿಲ್ಲ. ಪಾತ್ರೆ ಅಲ್ಲೇ ಬಿಟ್ಟು ಆರ್ಡಿತ್‌ಳ ಹಿತ್ತಿಲಿಗೆ ನಡೆದಳು.

"ಅಲ್ಲೇ ನಿಂತ್ಕೊಳ್ಳೇ!" ಆರ್ಡಿತ್ ಜಾಲರಿ ಬಾಗಿಲ ಹಿಂದಿನಿಂದ ಕೂಗಿದಳು. ಮರುಕ್ಷಣವೇ ದನಿ ಇಳಿಯಿತು. "ಬೇಜಾರು ಮಾಡ್ಕೋಬೇಡ. ಒಳಗೆ ಮಾರ್ಲಾ ಇದಾಳೆ."

"ಗೊತ್ತು. ಒಂದು ಮಾತು ಹೇಳಿ ಹೋಗ್ತೀನಿ. ಮಕ್ಕಳೆಲ್ಲ ಬರೋ ಮೊದಲೇ ಅವನ ಮೈ ಬಿಸಿ ಇತ್ತು. ನಂಗೆ ಗೊತ್ತಿತ್ತು."

"ಎಷ್ಟಿತ್ತು?"

"ಥರ್ಮಾಮೀಟರ್ ಇಡ್ಲಿಲ್ಲ. ಇಟ್ರೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೇ ಇಡ್ಲಿಲ್ಲ."

ಆರ್ಡಿತ್ ತಿರುಗಿ ಒಳಗೆ ಮಾರ್ಲಾಳ ಕಡೆ ನೋಡಿದಳು.

"ನಾನು ಅಲ್ಲೇ ಕೂತಿದ್ನಲ್ಲೇ. ನಿನ್ನ ಶರಬತ್ತು ಕುಡೀತಾ, ಹಲ್ಲು ಕಿರೀತಾ ಕೂತಿದ್ದೆ. ಕಿವೀಲಿ ಒಂದು ಮಾತು ಹೇಳೋಕಾಗ್ಲಿಲ್ವಾ?" ಅವಳು ಜಾಲರಿ ಬಾಗಿಲ ಚಿಲಕ ಹಾಕಿದಳು. "ಹೋಗು. ಮಿಕ್ಕವರಿಗೂ ಹೇಳು. ನನ್ನ ಬಾಯಿಂದ ಹೇಳಿಸ್ಬೇಡ, ನೀನೇ ಹೇಳು."

ವರ್ನಾ ಮನೆ ಮನೆಗೂ ಹೋಗಿ, ಹುಲ್ಲಿನ ಮೇಲೆ ನಿಂತು ಹೇಳಿದಳು. ಒಬ್ಬಳು ಮುಖಕ್ಕೆ ಬಾಗಿಲು ಹಾಕಿದಳು. ಒಬ್ಬಳು "ಹೇಳಿದ್ಯಲ್ಲ, ಅಷ್ಟೇ ಸಾಕಮ್ಮ" ಎಂದಳು. ಬಾಗಿಲು ಹಾಕಿಸಿಕೊಂಡದ್ದೇ ವಾಸಿ ಅನಿಸಿತು ವರ್ನಾಳಿಗೆ.

ಅಂದಿನಿಂದ ಬೆಳಗಾದರೆ ಬೀದಿಯ ಪ್ರತಿ ಮನೆಯಲ್ಲೂ ಒಂದೇ ದನಿ: "ಗದ್ದ ಎದೆಗೆ ತಾಗಿಸು ಮರಿ. ಎಲ್ಲಿ, ಇನ್ನೊಂದ್ಸಲ." ತೆರೆದ ಕಿಟಕಿಗಳಿಂದ ಅದು ವರ್ನಾಳ ಅಡುಗೆಮನೆಗೂ ಕೇಳುತ್ತಿತ್ತು. ಕೇಳುವಾಗೆಲ್ಲ ಅವಳೂ ಉಸಿರು ಹಿಡಿಯುತ್ತಿದ್ದಳು. ಬೇರೆ ಯಾವ ಮಗುವೂ ಕಾಯಿಲೆ ಬಿದ್ದು ಮಲಗಲಿಲ್ಲ. ದೇವರೇ, ನಿನ್ನ ದಯೆ ಎಂದಳು. ಎಂದ ಮರುಗಳಿಗೆ, ಹಾಗಾದರೆ ನನ್ನ ಮಗ ಮಾತ್ರ ಯಾಕೆ ಎಂದು ಎದ್ದು ಬಂದ ಪ್ರಶ್ನೆಗೆ ತಾನೇ ಹೆದರಿದಳು.

ಮೊದಲ ಹಿಮ ಬೀಳುವ ಹೊತ್ತಿಗೆ ಡ್ವೇನ್ ಮನೆಗೆ ಬಂದ. ಎಡಗಾಲಿಗೆ ಉಕ್ಕಿನ ಸರಳು, ಚರ್ಮದ ಪಟ್ಟಿ. ಐದಾದ ಕೂಡಲೇ ಟೀವಿಯ ಮುಂದೆ ಕೂತು ಬಾಗಿಲ ಕಡೆ ನೋಡಿದ. ಹೊರಗೆ ಯಾರದೋ ಮಾಡಿನ ಮೇಲೆ ಆಂಟೆನಾ ನಿಲ್ಲಿಸುವ ಸುತ್ತಿಗೆ ಸದ್ದು.

"ಅವರೆಲ್ಲ ಯಾಕಮ್ಮ ಬರ್ಲಿಲ್ಲ?"

"ಅವರವರ ಮನೆಗೂ ಟೀವಿ ಬಂತಲ್ಲ ಮರಿ."

ಅದೂ ನಿಜವೇ. ಬೆಲೆ ಇಳಿದಿತ್ತು, ಎಲ್ಲರ ಕೈಯಲ್ಲೂ ದುಡ್ಡು ಆಡುತ್ತಿತ್ತು.

"ಹಾಗಾದ್ರೆ ನಾವೇ ಅವರ ಮನೆಗೆ ಹೋಗೋಣ. ಮಾರ್ಲಾ ಮನೆಗೆ."

ಬೇಡ ಎನ್ನಲು ವರ್ನಾಳಿಗೆ ಮುಖವಿರಲಿಲ್ಲ. ಕೋಟು ತೊಡಿಸಿ, ಕೈ ಹಿಡಿದು, ಹೆಜ್ಜೆ ಹೆಜ್ಜೆಗೂ ಸರಳಿನ ಕಿರುಗುಟ್ಟುವ ಸದ್ದು ಕೇಳುತ್ತಾ ಪಕ್ಕದ ಮನೆಗೆ ಕರೆದೊಯ್ದಳು. ಆರ್ಡಿತ್ ಬಾಗಿಲು ತೆರೆದಳು. ಹುಡುಗನ ಕಾಲು ನೋಡಿದಳು.

"ಬಾರೋ ರಾಜ, ಈಗಷ್ಟೇ ಶುರುವಾಯ್ತು. ಏ ಮಾರ್ಲಾ, ಜಾಗ ಬಿಡೇ ಅವನಿಗೆ!"

ವರ್ನಾಳನ್ನು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಾಗಿಲನ್ನು ಅರ್ಧ ತೆರೆದೇ ಬಿಟ್ಟು ಒಳಗೆ ಹೋದಳು. ವರ್ನಾ ಕುದುರೆಗಳ ಖುರಪುಟದ ಸದ್ದು ಕೇಳುತ್ತಾ, ಕಥೆ ಮುಗಿಯುವವರೆಗೂ ಮೆಟ್ಟಿಲ ಮೇಲೆ ಚಳಿಯಲ್ಲಿ ನಿಂತಳು.