ಕಿಟಕಿಯಿರುವ ಡೈ

ನನ್ನ ಅತ್ತಿಗೆಗೆ ಬಂದೂಕಿನ ಹವ್ಯಾಸವಿದೆ ಎಂದರೆ ಜನ ಅಣ್ಣನ ಬಗ್ಗೆ ಮರುಕಪಡುತ್ತಾರೆ. ಅದರ ಅಗತ್ಯವಿಲ್ಲ. ಮಣಿಪಾಲದಲ್ಲಿ ದಂತವೈದ್ಯಕೀಯ ಪಾಠ ಮಾಡಿ, ಆಮೇಲೆ ಪರ್ತ್‌ನಲ್ಲಿ ನೆಲೆಸಿದ ಈ ಹೆಂಗಸು ಅಲ್ಲಿನ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಮಾತ್ರ ಹೊಡೆಯುತ್ತಾರೆ. ಮನೆಯಲ್ಲಿ ಜಿರಳೆ ಕಂಡರೆ ಅಣ್ಣನನ್ನೇ ಕೂಗುತ್ತಾರೆ.

ಕಳೆದ ವರ್ಷ ಅವರು ಪೆನಾಂಗಿನ ನಮ್ಮ ಮನೆಗೆ ಬಂದಾಗ ಬಲಗೈ ನಡುಗಲು ಶುರುವಾಗಿತ್ತು. ಗುರಿಯಿಡಲು ತೊಂದರೆಯಿರಲಿಲ್ಲ, ಅವರ ಪಂದ್ಯದಲ್ಲಿ ಬಂದೂಕು ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ. ತೊಂದರೆಯಿದ್ದದ್ದು ಕಾಡತೂಸು ತಯಾರಿಸುವಾಗ. ಹಿತ್ತಾಳೆ ಕೊಳವೆಯ ಬಾಯಿಗೆ ಗುಂಡನ್ನಿಟ್ಟು ಪ್ರೆಸ್ ಎಂಬ ಒತ್ತುಯಂತ್ರದ ಹಿಡಿ ಎಳೆದರೆ, ಮೇಲಿರುವ ಡೈ ಎಂಬ ಉಕ್ಕಿನ ಅಚ್ಚು ಅದನ್ನು ಒತ್ತಿ ಕೂರಿಸುತ್ತದೆ. ಡೈಯೊಳಗೆ ಹೋಗುವವರೆಗೆ ಗುಂಡನ್ನು ಬೆರಳಲ್ಲೇ ನೆಟ್ಟಗೆ ಹಿಡಿದಿರಬೇಕು. ಅಲ್ಲಿ ಕೈ ನಡುಗಿದರೆ ಗುಂಡು ಓರೆಯಾಗಿ ಕೂರುತ್ತದೆ, ಆಮೇಲೆ ಗುರಿಯೂ ತಪ್ಪುತ್ತದೆ.

"ಅಣ್ಣನ ಕೈಲಿ ಮಾಡಿಸಿ ಅತ್ತಿಗೆ" ಎಂದೆ.

"ಅವರು ಕೂರಿಸಿಕೊಟ್ಟ ಗುಂಡಲ್ಲಿ ಹೊಡೆದ್ರೆ ಅರ್ಧ ಸ್ಕೋರ್ ಅವರದ್ದು ಮಾರಾಯಾ. ಅದಕ್ಕಿಂತ ಗನ್ನೇ ಮಾರಿಬಿಡ್ತೇನೆ. ಕ್ಲಬ್ಬಲ್ಲಿ ಒಬ್ಬ ಕೇಳಿಯೂ ಆಗಿದೆ."

ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ.

ನಾನು ಇಲ್ಲಿನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಗಳಿಗೆ ಅಚ್ಚು ಮಾಡಿಕೊಡುವ ಸಣ್ಣ ವರ್ಕ್‌ಶಾಪಿನಲ್ಲಿ ಡಿಸೈನ್ ನೋಡಿಕೊಳ್ಳುವವನು. ಒತ್ತಿ ಕೂರಿಸುವುದೇ ನಮ್ಮ ಕಸುಬಾದ್ದರಿಂದ ಬುದ್ಧಿ ಹೇಳಲು ಹೊರಟೆ. ಅವರು ಫೋನಿನಲ್ಲಿ ತೋರಿಸಿದ ಡೈಗಳ ಚಿತ್ರಗಳಲ್ಲಿ, ತಲೆಯ ಮೇಲೆ ಮೈಕ್ರೋಮೀಟರ್ ಇದ್ದ ದುಬಾರಿ ಡೈಯನ್ನು ಆರಿಸಿದೆ. ಗುಂಡು ಕೂರುವ ಆಳವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಬಹುದು ಎಂದು ವಿವರಿಸಿದೆ. ಹಲ್ಲುಜ್ಜದೆ ಬಂದ ರೋಗಿಯನ್ನು ನೋಡುವಂತೆ ಅತ್ತಿಗೆ ನನ್ನನ್ನು ನೋಡಿದರು.

"ಆಳ ನನ್ನ ಹಳೇ ಡೈಯೂ ಸರಿ ಮಾಡ್ತದೆ. ಗುಂಡು ಹಿಡ್ಕೊಳ್ಳುದು ಯಾರು? ಹಲ್ಲಿಗೆ ಕ್ಯಾಪ್ ಕೂರಿಸುವಾಗಲೂ ಅಷ್ಟೇ. ಒತ್ತುದು ಎಂತ ದೊಡ್ಡದಲ್ಲ, ಒತ್ತುವ ಮೊದಲೇ ನೆಟ್ಟಗಿರ್ಬೇಕು."

ಅವರ ಮನಸ್ಸಿನಲ್ಲಿದ್ದ ಡೈ ಬೇರೆಯೇ. ಅದರ ಪಕ್ಕದಲ್ಲಿ ಒಂದು ಕಿಟಕಿ. ಗುಂಡನ್ನು ಅದರೊಳಗೆ ಬಿಟ್ಟರೆ ಸಾಕು, ಒಳಗೆ ಜಾರುವ ಕೊಳವೆಯೊಂದು ಅದನ್ನು ನೆಟ್ಟಗೆ ಹಿಡಿದುಕೊಳ್ಳುತ್ತದೆ. ಆದರೆ ಅವರ ಬಂದೂಕಿನ ಅಳತೆಗೆ ಅದು ಎಲ್ಲೂ ಸಿಕ್ಕಿರಲಿಲ್ಲ. ಅಳತೆಗಳನ್ನೆಲ್ಲ ಬರೆದುಕೊಂಡೇ ವಿಮಾನ ಹತ್ತಿದ್ದರು, ಗಟ್ಟಿಗಿತ್ತಿ.

ಮಾಲೀಕರ ಒಪ್ಪಿಗೆ ಪಡೆದು ವರ್ಕ್‌ಶಾಪಿನಲ್ಲಿ ಡೈ ಮಾಡಿದೆವು. ಕಾಡತೂಸಿನ ವಿಷಯದಲ್ಲಿ ಇಲ್ಲಿ ಕಾನೂನು ಬಲು ಬಿಗಿ, ಬಿಗಿಯಿರುವುದು ಒಳ್ಳೆಯದೇ. ಹಾಗಾಗಿ ಪರೀಕ್ಷೆಗೆ ಗಟ್ಟಿ ಹಿತ್ತಾಳೆಯ ಡಮ್ಮಿಗಳು. ಬಾಯಿಯಲ್ಲಿ ಮಾತ್ರ ತೂತು. ಗುಂಡಿನ ಬದಲು ತಾಮ್ರದ ತುಂಡು.

ಮೊದಲ ದಿನ ತಾಮ್ರದ ತುಂಡು ಕಿಟಕಿಯ ಅಂಚಿಗೇ ಸಿಕ್ಕಿಕೊಂಡಿತು. ಕೈಯನ್ನು ಸ್ವಲ್ಪ ಓರೆ ಮಾಡಿ ಎಂದೆ.

"ಕೈಗೆ ಹೇಳ್ಬೇಡ, ಕಿಟಕಿಗೆ ಹೇಳು" ಎಂದರು.

ಸಿಟ್ಟು ಬಂತು. ನನ್ನ ಡಿಸೈನಿಗೆ ಹಾಗೆಲ್ಲ ಯಾರೂ ಹೇಳುವುದಿಲ್ಲ. ಸಿಟ್ಟಿನಲ್ಲೇ ಆ ಅಂಚನ್ನು ಜಾರುಬಂಡೆಯ ಹಾಗೆ ಇಳಿಜಾರು ಮಾಡಿ, ಕಿಟಕಿಯನ್ನೂ ಅಗಲ ಮಾಡಿ ಉಜ್ಜಿಸಿದೆ.

ಮರುದಿನ ಪ್ರೆಸ್ಸಿನ ಮುಂದೆ ಅವರು ಮತ್ತೆ ನಿಂತರು. ನಡುಗುವ ಬೆರಳು ಕಿಟಕಿಯ ಆ ಬದಿಗೆ ತಾಗಿತು, ಈ ಬದಿಗೆ ತಾಗಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವರು ತಿರುಗಿ ನೋಡಿದ ನೋಟಕ್ಕೆ ಹಿಂದೆ ಬಂತು. ತುಂಡು ಒಳಗೆ ಜಾರಿತು. ಹಿಡಿ ಎಳೆದರು. ಹೊರಬಂದದ್ದನ್ನು ಓರೆ ಅಳೆಯುವ ಡಯಲ್ ಗೇಜಿಗಿಟ್ಟು ತಿರುಗಿಸಿದಾಗ ಮುಳ್ಳು ಅಲುಗಿತೋ ಇಲ್ಲವೋ ಎನ್ನುವಂತಿತ್ತು. ಇನ್ನೊಂದು ಮಾಡಿದರು, ಮತ್ತೊಂದು ಮಾಡಿದರು. ಡಮ್ಮಿ ಮುಗಿದ ಮೇಲೆ, ಮತ್ತೆ ಕೂರಿಸಲು ತುಂಡುಗಳನ್ನು ಕಿತ್ತು ಕೊಡು ಎಂದರು. ಆ ಹೆಂಗಸಿನ ಹಟ ನೋಡುತ್ತಾ ಒಂದೊಂದಾಗಿ ಕಿತ್ತು ಕೊಟ್ಟೆ.

ಆಮೇಲೆ ಮಾಮಾಕ್ ಅಂಗಡಿ ಎನ್ನುವ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಪರೋಟದಂಥ ರೋಟಿ ಚನಾಯ್ ಹೇಳಿ ಕೂತೆವು. ಅತ್ತಿಗೆ ಫೋನ್ ತೆಗೆದು ಬಂದೂಕು ಕೇಳಿದ್ದವನಿಗೆ ಮೆಸೇಜ್ ಬರೆಯತೊಡಗಿದರು. ಬೆರಳು ಬೇರೆ ಅಕ್ಷರಕ್ಕೆ ಬೀಳುವುದು, ಅವರು ಅಳಿಸುವುದು.

"ಕೊಡಿ ಅತ್ತಿಗೆ, ನಾನು ಟೈಪ್ ಮಾಡ್ತೇನೆ."

"ಬೇಡ. ನಿನ್ನ ರೋಟಿ ತಣೀತದೆ, ತಿನ್ನು."

ನನ್ನ ರೋಟಿ ಮುಗಿದರೂ ಅವರು ಬರೆಯುತ್ತಲೇ ಇದ್ದರು. ಕೊನೆಗೆ ಫೋನನ್ನು ನನ್ನತ್ತ ತಿರುಗಿಸಿದರು. ಬಂದೂಕು ಮಾರಾಟಕ್ಕಿಲ್ಲ ಎಂದಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ.