ಫಲಿತಾಂಶ ಬಾರದ ಪತ್ರಿಕೆಗೆ ಮತ್ತೊಂದು ಅರ್ಜಿ

ನರಸಿಂಹರಾಜಪುರದ ಅಕ್ಕನ ಮನೆಯಿಂದ ಬರೆಯುತ್ತಿದ್ದೇನೆ, ಗೆಳೆಯರೇ. ಅಕ್ಕನ ಮಗಳು ಸುಮಾ ಆಕ್ಚುರಿಯಲ್ ಪರೀಕ್ಷೆಯ ಒಂದು ಪತ್ರಿಕೆ ಬರೆದಿದ್ದಾಳೆ. ವಿಮಾ ಕಂಪನಿಗಳಿಗೆ ಮುಂದಿನ ಅಪಾಯಗಳನ್ನು ಲೆಕ್ಕ ಹಾಕಿಕೊಡುವವರ ಪರೀಕ್ಷೆ ಅದು. ಫಲಿತಾಂಶಕ್ಕೆ ಹೇಳಿದ್ದ ದಿನ ದಾಟಿ ಮೂರು ವಾರವಾಯಿತು. ಪಾಸಾಗಿದ್ದರೆ ಮುಂದಿನ ಪತ್ರಿಕೆ, ಇಲ್ಲದಿದ್ದರೆ ಮತ್ತೆ ಅದೇ. ಎರಡಕ್ಕೂ ಓದುವಷ್ಟು ಸಮಯವಿಲ್ಲ. ಅರ್ಜಿ ಹಾಕಲು ಇವತ್ತೇ ಕಡೆಯ ದಿನ.

ನಾನೇ ಸಹಾಯವಾಣಿಗೆ ಫೋನ್ ಮಾಡಿದೆ.

"ಶೀಘ್ರದಲ್ಲೇ ಪ್ರಕಟಿಸ್ತಾರೆ ಸರ್."

"ಶೀಘ್ರ ಅಂದ್ರೆ ಯಾವತ್ತು ಮಾರಾಯ?"

"ಆ ಮಾಹಿತಿ ನಮಗಿಲ್ಲ ಸರ್."

ಕೊಪ್ಪದಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶವೂ ತಡವಾಗಿತ್ತು. ಪಟ್ಟಿ ತರಬೇಕಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಹೆಡ್ಮಾಸ್ಟರು ಗಂಟೆಗೊಮ್ಮೆ ಶಾಲೆಯ ಜಗಲಿಗೆ ಬಂದು, "ಬಸ್ಸು ಇನ್ನೂ ಬಾಳೆಹೊನ್ನೂರು ಬಿಟ್ಟಿಲ್ವಂತೆ. ಊಟ ಮಾಡ್ಕಂಡು ಬನ್ರೋ, ನಾನಿಲ್ಲೇ ಇರ್ತೀನಿ" ಎನ್ನುತ್ತಿದ್ದರು. ಸಂಜೆಯವರೆಗೆ ಕಾದೆವು, ಯಾರಿಗೂ ಸಿಟ್ಟು ಬರಲಿಲ್ಲ. ಅವರೇ ಊಟ ಮಾಡಿರಲಿಲ್ಲವೆಂದು ನಮಗೆ ತಿಳಿದದ್ದು ಆಮೇಲೆ.

ನಾನು ಫೋನ್ ಇಡುವಷ್ಟರಲ್ಲಿ ಸುಮಾ ಅದೇ ಪತ್ರಿಕೆಗೆ ಮತ್ತೆ ಅರ್ಜಿ ಹಾಕಿಬಿಟ್ಟಿದ್ದಳು.

"ಈಗಾಗ್ಲೇ ಪಾಸಾಗಿದ್ರೆ ಎಂತ ಮಾಡ್ತೀಯೆ?" ಎಂದು ಕೇಳಿದೆ.

"ಇನ್ನೊಂದ್ಸಲ ಪಾಸಾಗ್ತೀನಿ, ಮಾವ."