ಡ್ರಮ್ಮು ನುಂಗಿದ ಅಕ್ಷರ

ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಒಂದೇ ಮೇಜಿನ ಮುಂದೆ ನಿಂತು ಅಂಗಿಗಳ ಕಾಲರು ಮಟ್ಟ ಮಾಡಿದವಳು. ಹಬೆಯ ಬುಸುಗುಡುವಿಕೆ ಮೀರಿ ಕೂಗಿ ಕೂಗಿ ಅವಳ ಗಂಟಲು ಗಡುಸಾಗಿತ್ತು. "ನೀನು ಗುಟ್ಟು ಹೇಳಿದ್ರೆ ಮೂರನೇ ಮನೆಯವರು ಹೂಂಗುಡ್ತಾರೆ ಕಣೇ" ಎಂದು ತಂಗಿ ನಗುತ್ತಿದ್ದಳು. ಆ ತಂಗಿಯನ್ನು ಕಾರ್ಖಾನೆಗೆ ಸೇರಿಸಿದ್ದೂ ಅವಳೇ. ಮೂರನೆಯ ಮಹಡಿಯಲ್ಲಿ, ಗುಂಡಿ ಹಚ್ಚುವ ಯಂತ್ರದ ಮೇಲೆ.

ಗಂಡ ಅಲ್ಲಿಯೇ ವಾಚ್‌ಮನ್. ಊಟದ ಗಂಟೆ ಮುಗಿದು ಎಲ್ಲರೂ ಯಂತ್ರಗಳ ಮುಂದೆ ಕೂತ ಮೇಲೆ ಹಿಂದಿನ ಮೆಟ್ಟಿಲ ಬಾಗಿಲಿಗೆ ಬೀಗ ಹಾಕುವುದು ಅವನ ದಿನದ ಕೆಲಸ. ಆ ದಾರಿಯಲ್ಲಿ ಅಂಗಿಗಳು ಕಳವಾಗುತ್ತಿವೆ ಎಂದು ಮ್ಯಾನೇಜರು ಬಾಯಿಮಾತಿನಲ್ಲಿ ಕೊಟ್ಟ ಅಪ್ಪಣೆ ಅದು. ಬೀಗ ಬೀಳುವುದು ಎಲ್ಲರಿಗೂ ಗೊತ್ತಿತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಮಧ್ಯಾಹ್ನ ಮೂರರ ಸುಮಾರಿಗೆ ಮೂರನೆಯ ಮಹಡಿಯ ಬಟ್ಟೆಚೂರಿನ ರಾಶಿಗೆ ಬೆಂಕಿ ಹತ್ತಿತು. ಮುಂದಿನ ಮೆಟ್ಟಿಲ ತುಂಬ ಹೊಗೆ. ಗಂಡ ಬೀಗದ ಕೈಗೊಂಚಲು ಹಿಡಿದು ಹಿಂದಿನಿಂದ ಓಡಿ ಹತ್ತಿದ. ಹೊಗೆಯ ಕತ್ತಲಲ್ಲಿ ಯಾವ ಬೀಗದ ಕೈ ಎಂದು ತಿಳಿಯದೆ ಒಂದೊಂದನ್ನೇ ತುರುಕಿ ನೋಡಿದ. ಕಾದ ಬೀಗಕ್ಕೆ ಬಲ ಅಂಗೈಯ ಚರ್ಮ ಸುಲಿದು ಬಂತು. ಬಾಗಿಲು ತೆರೆಯುವಷ್ಟರಲ್ಲಿ ಒಳಗಿನ ಬಡಿತ ನಿಂತುಹೋಗಿತ್ತು. ಸತ್ತವರು ಒಂಬತ್ತು ಹೆಂಗಸರು. ಅವರಲ್ಲಿ ತಂಗಿಯೂ ಒಬ್ಬಳು.

ನಾಲ್ಕನೆಯ ದಿನ ಕೆಲಸಗಾರರೆಲ್ಲ ಗೇಟಿನ ಮುಂದೆ ಕೂತಿದ್ದರು. ಪೊಲೀಸರನ್ನು ಬೆನ್ನಿಗಿಟ್ಟುಕೊಂಡು ಮ್ಯಾನೇಜರು ಸರಳುಗಳ ಆಚೆ ಬಂದು, ವಿದ್ಯುತ್ತಿನ ದೋಷ, ಯಾರ ತಪ್ಪೂ ಅಲ್ಲ ಎಂದ. ಇಸ್ತ್ರಿಯಕ್ಕ ಎದ್ದು ಹೋಗಿ ಸರಳು ಹಿಡಿದುಕೊಂಡಳು.

"ಬೀಗ ಹಾಕ್ಸಿದ್ದು ಯಾರು? ಬಾಯ್ಬಿಟ್ಟು ಹೇಳ್ರೀ! ಬೀಗ ಹಾಕ್ಸಿದ್ದು ಯಾರು?"

ಮ್ಯಾನೇಜರು ತಿರುಗಿ ನಡೆದ. ಅವನ ಹಿಂದೆ, ಕೈಗೆ ಪಟ್ಟಿ ಕಟ್ಟಿಕೊಂಡು ಅವಳ ಗಂಡ ನಿಂತಿದ್ದ. ಅವಳು ಅವನ ಕಡೆ ನೋಡಲೂ ಇಲ್ಲ. ಅವಳ ಪ್ರಶ್ನೆ ಅವನಿಗಾಗಿರಲಿಲ್ಲ.

ಆ ದಿನ ಗುಂಪಿನಲ್ಲಿ ಉದ್ದ ಕೂದಲಿನ ನಾಲ್ವರು ಹುಡುಗರಿದ್ದರು. ರಾಕ್ ತಂಡದವರಂತೆ. ಹಾಡುಗಾರ ಎನಿಸಿಕೊಂಡವನ ಹೆಗಲಲ್ಲಿ ಟೇಪ್ ರೆಕಾರ್ಡರು. ಅವಳು ಸುಸ್ತಾಗಿ ಕೂತಾಗ ನೀರಿನ ಬಾಟಲಿ ತಂದುಕೊಟ್ಟು, "ನಿಮ್ಮ ದನಿ ನಾಲ್ಕು ಜನಕ್ಕೆ ಕೇಳಬೇಕು ಅಕ್ಕ, ಬಳಸ್ಕೊಳ್ಳಲಾ?" ಎಂದ. "ಏನಾದ್ರೂ ಮಾಡ್ಕೋ ಹೋಗಪ್ಪಾ" ಎಂದಳು. ಅವಳಿಗೆ ಆಗ ಬೇರೇನೂ ತಲೆಗೆ ಹೋಗುವಂತಿರಲಿಲ್ಲ.

ಆಲ್ಬಂ ಬಂದದ್ದು ಮೂರು ತಿಂಗಳಿಗೆ. ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಯ ಮುಂದೆ ಹೋಗುತ್ತಿದ್ದವಳು ತನ್ನದೇ ಕೂಗು ಕೇಳಿ ಗಕ್ಕನೆ ನಿಂತಳು. ಮೊದಲು ಅವಳ ದನಿ, ಅದನ್ನು ಸೀಳಿಕೊಂಡು ಡ್ರಮ್ಮು, ಆಮೇಲೆ ಗಿಟಾರುಗಳ ಅಬ್ಬರ. ಅಂಗಡಿಯವನು, "ಅದೇನು ಗಂಟಲು ಮಾರಾಯ್ತಿದು, ಮೈ ಜುಂ ಅನ್ನುತ್ತೆ" ಎಂದು ಗಿರಾಕಿಗೆ ಹೇಳುತ್ತಿದ್ದ. ಸುಳ್ಳೇಕೆ, ಅವಳಿಗೆ ಹೆಮ್ಮೆಯೇ ಆಯಿತು. ಒಂದು ಕ್ಯಾಸೆಟ್ಟು ಕೊಂಡು ತಂದು ಗಂಡನಿಗೆ ಕೇಳಿಸಿದಳು. ಅವನು ತಲೆ ತಗ್ಗಿಸಿ ಕೇಳಿದ.

"ಇನ್ನೊಂದ್ಸಲ ಹಾಕು" ಎಂದ. ಹಾಕಿದಳು.

"ಹಾಕಿದ್ದು ಯಾರು ಅಂತಿದೆಯಲ್ಲೇ."

"ನಾನು ಅಂದಿದ್ದು ಹಾಕ್ಸಿದ್ದು ಅಂತ. ನೀವು ಅಲ್ಲೇ ಇದ್ರಲ್ಲ?"

"ನನಗೆ ಅವತ್ತು ಕಿವಿ ನೆಟ್ಟಗಿರಲಿಲ್ಲ" ಎಂದು ಎದ್ದು ಹೊರಗೆ ಹೋದ.

ಅವಳು ಕಿವಿ ಹಚ್ಚಿ ಕೇಳಿದಳು. ನಿಜವೇ. ನಡುವಿನ 'ಸ'ದ ಮೇಲೆ ಸರಿಯಾಗಿ ಡ್ರಮ್ಮಿನ ಏಟು ಬಿದ್ದು ಆ ಅಕ್ಷರವನ್ನು ನುಂಗಿಬಿಟ್ಟಿತ್ತು. ಹೊದಿಕೆಯ ಮೇಲೂ ಕೆಂಪು ಅಕ್ಷರದಲ್ಲಿ ಆಲ್ಬಮ್ಮಿನ ಹೆಸರು ಹಾಗೇ ಇತ್ತು: 'ಬೀಗ ಹಾಕಿದ್ದು ಯಾರು?'

ಸರ್ಕಾರ ಆಲ್ಬಮ್ಮನ್ನು ನಿಷೇಧಿಸಿತು. ನಿಷೇಧಿಸಿದ್ದೇ ತಡ, ಅದುವರೆಗೆ ಕೇಳದವರೂ ಕೇಳತೊಡಗಿದರು. ರೇಡಿಯೋದಲ್ಲಿ ಇಲ್ಲ, ಕಾಲೇಜಿನ ಹಾಸ್ಟೆಲುಗಳಲ್ಲಿ ನಕಲಿನ ಮೇಲೆ ನಕಲು. ಒಂದು ಪತ್ರಿಕೆ 'ಹೊಸ ತಲೆಮಾರಿನ ಆತ್ಮಸಾಕ್ಷಿ' ಎಂದು ಬರೆಯಿತು, ಇನ್ನೊಂದು 'ಗದ್ದಲಕ್ಕೆ ಸಂಗೀತದ ವೇಷ' ಎಂದಿತು. ವಿರೋಧ ಪಕ್ಷದವರು ಸಭೆಯಲ್ಲಿ ಅದೇ ಸಾಲನ್ನು ಹಿಡಿದು ಮಂತ್ರಿಯ ನೀರಿಳಿಸಿದರು. ಗೋಡೆಗಳ ಮೇಲೆ, ಹುಡುಗರ ಬನಿಯನ್ನುಗಳ ಎದೆಯ ಮೇಲೆ ಆ ಪ್ರಶ್ನೆ. ಅಂಥ ಬನಿಯನ್ನುಗಳ ಒಂದು ಕಟ್ಟು, ಮತ್ತೆ ಶುರುವಾಗಿದ್ದ ಕಾರ್ಖಾನೆಯಲ್ಲಿ ಅವಳ ಮೇಜಿಗೇ ಬಂತು, ಯಾರದೋ ಆರ್ಡರು. ಅವಳು ಒಂದೊಂದನ್ನೂ ತಿರುವಿ ಹಾಕಿ, ಅಕ್ಷರ ಕರಗದ ಹಾಗೆ ಒಳಮೈಯಿಂದ ಇಸ್ತ್ರಿ ಮಾಡಿದಳು.

ಇಷ್ಟು ಜನ ಕೇಳಿದ ಮೇಲೆ ಉತ್ತರವೊಂದು ಬೇಕೇ ಬೇಕಲ್ಲ. ಕಂಪನಿಯವರು ತಮಗೆ ಅಗ್ಗವಾದ ಉತ್ತರ ಕೊಟ್ಟು ಕೈತೊಳೆದುಕೊಂಡರು. ಬೀಗ ಹಾಕಿದ್ದು ವಾಚ್‌ಮನ್. ಪೊಲೀಸರು ಬಂದಾಗ ಅವನು ಬಚ್ಚಲಲ್ಲಿ ಎಡಗೈಯಿಂದ ಮುಖ ತೊಳೆಯುತ್ತಿದ್ದ. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡೇ ಜೀಪು ಹತ್ತಿದ. ಬೀದಿಯ ಕೊನೆಯಲ್ಲಿ ಹುಡುಗರು ಅವಳ ಸಾಲನ್ನೇ ಅವನತ್ತ ಕೂಗಿದರು.

ನ್ಯಾಯಾಲಯದಲ್ಲಿ ಮ್ಯಾನೇಜರು, ಬಾಗಿಲು ತೆರೆದೇ ಇರಬೇಕೆಂಬುದು ಕಂಪನಿಯ ನಿಯಮ, ಬೀಗದ ವಿಷಯ ತನಗೆ ಗೊತ್ತೇ ಇಲ್ಲ ಎಂದ. ಅವಳು ಕಟಕಟೆ ಹತ್ತಿ, ಬೀಗ ಹಾಕಿಸಿದ್ದು ಯಾರೆಂದು ನಾನು ನಾಲ್ಕನೇ ದಿನವೇ ಎಲ್ಲರೆದುರು ಈ ಮ್ಯಾನೇಜರನ್ನೇ ಕೇಳಿದ್ದೆ ಎಂದಳು. ಆಗ ಕಂಪನಿಯ ವಕೀಲ ಸಣ್ಣ ಟೇಪು ತೆಗೆದು ಮೇಜಿನ ಮೇಲಿಟ್ಟು ಒತ್ತಿದ. ನಿಷೇಧಿಸಿದ ಹಾಡು ನ್ಯಾಯಾಧೀಶರ ಮುಂದೆ ಮೊಳಗಿತು.

"ಸ್ವಾಮಿ, ಈಕೆ ಕೇಳ್ತಿರೋದು ಹಾಕಿದ್ದು ಯಾರು ಅಂತ. ಸ್ವಂತ ಹೆಂಡತಿಗೇ ಗಂಡನ ಮೇಲೆ ಅನುಮಾನ ಇತ್ತು."

"ಅದರಲ್ಲಿ ಒಂದಕ್ಷರ ಹೋಗಿದೆ ಸ್ವಾಮಿ" ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಸಲು ಟೇಪ್ ಇದ್ದರೆ ಮುಂದಿನ ವಾಯಿದೆಗೆ ತನ್ನಿ ಎಂದರು ನ್ಯಾಯಾಧೀಶರು.

ಅವಳು ಹಾಡುಗಾರನ ಕೋಣೆ ಹುಡುಕಿಕೊಂಡು ಹೋದಳು. ಗೋಡೆಗೆ ಮೊಟ್ಟೆ ಜೋಡಿಸಿಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿದ್ದರು, ಸದ್ದು ಹೊರಗೆ ಹೋಗದಿರಲೆಂದು. ಹಾಡುಗಾರ ಕುರ್ಚಿಯ ಮೇಲಿನ ವಯರುಗಳನ್ನು ಸರಿಸಿ ಅವಳನ್ನು ಕೂರಿಸಿದ. ಎಲ್ಲ ಕೇಳಿಸಿಕೊಂಡ.

"ತಾಳಕ್ಕೆ ಕೂರ್ತಿರಲಿಲ್ಲ ಅಕ್ಕ. ಏಟು ಅಲ್ಲೇ ಬೀಳಬೇಕಿತ್ತು. ನಾವು ಬೇಕಂತ ಮಾಡಿದ್ದಲ್ಲ."

"ಆಗಿದ್ದು ಆಯ್ತು ಬಿಡಪ್ಪಾ. ಅಸಲು ಟೇಪು ಇದೆಯಾ?"

"ಇದೆ."

"ಹಾಗಾದ್ರೆ ಕೊಡು. ಒಂದೇ ದಿನಕ್ಕೆ. ನಾನೇ ತಂದು ವಾಪಸ್ ಮುಟ್ಟಿಸ್ತೀನಿ."

ಅವನು ಉಗುರು ಕಚ್ಚಿದ. "ನೋಡಿ ಅಕ್ಕ, ಈಗ ಅದು ಆಚೆ ಬಂದ್ರೆ ನಾಳೆ ಸರ್ಕಾರದವ್ರು ಏನಂತಾರೆ? ಇವ್ರು ದನಿ ತಿದ್ದಿದಾರೆ, ಇಡೀ ಆಲ್ಬಮ್ಮೇ ಖೋಟಾ ಅಂತಾರೆ. ಇಷ್ಟು ಜನ ಬೀದಿಗಿಳಿದಿದಾರೆ. ಚಳವಳಿ ಮುರಿದುಹೋಗುತ್ತೆ."

"ನನ್ನ ಗಂಡ ಜೈಲಲ್ಲಿದಾರೆ."

"ಗೊತ್ತು ಅಕ್ಕ. ಅವರ ಮೇಲೂ ಒಂದು ಹಾಡು ಬರೀತಿದ್ದೀವಿ."

ಇಸ್ತ್ರಿಯಕ್ಕನ ಬಾಯಿಗೆ ಬಂದದ್ದು ಒಂದೆರಡಲ್ಲ. ಆದರೆ ಆ ರಟ್ಟಿನ ಗೋಡೆಗಳ ನಡುವೆ ಅವಳ ದನಿ ಅವಳಿಗೇ ಸತ್ತಂತೆ ಕೇಳಿಸಿತು. "ಹಾಡೇನೂ ಬೇಡ" ಎಂದಷ್ಟೇ ಹೇಳಿ ಎದ್ದು ಬಂದಳು. ವಾಯಿದೆಯ ದಿನ ತಂಡದವರು ಬೇರೆ ದೇಶದಲ್ಲಿ ಕಾರ್ಯಕ್ರಮ ಕೊಡುತ್ತಿದ್ದರು.

ಗಂಡನಿಗೆ ಮೂರು ವರ್ಷ ಶಿಕ್ಷೆಯಾಯಿತು. ಮ್ಯಾನೇಜರು ಕಂಪನಿಯ ಇನ್ನೊಂದು ಘಟಕಕ್ಕೆ, ಇನ್ನೂ ದೊಡ್ಡ ಕೋಣೆಗೆ ಹೋದ. ಅವಳನ್ನು ಕೆಲಸದಿಂದ ತೆಗೆದರು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಸಿಕ್ಕಿತು. ಜೈಲಿನಲ್ಲಿ ಪಕ್ಕದ ಕೋಣೆಯವರು ಆ ಹಾಡು ಹೇಳಿ ಅವನನ್ನು ಕೆಣಕುತ್ತಿದ್ದರಂತೆ. ಬಿಡುಗಡೆಯಾಗಿ ಬಂದವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ಗಟ್ಟಿಯಾಗಿ ಮಾತಾಡಿದರೆ ಮಾತ್ರ ಬೆಚ್ಚುತ್ತಿದ್ದ. ಹಾಗಾಗಿ ಅವಳು ಮೆಲ್ಲಗೆ ಮಾತಾಡುವುದನ್ನು ಕಲಿತಳು.

ಬೆಂಕಿ ಬಿದ್ದು ಹನ್ನೆರಡು ವರ್ಷ ಕಳೆದ ಮೇಲೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಸರ್ಕಾರ ಬದಲಾಗಿ, ನಿಷೇಧ ಹೋಗಿ, ಆಲ್ಬಮ್ಮಿಗೆ ಈಗ ಪ್ರಶಸ್ತಿಯ ಗೌರವ. ಹೊಸ ಮುದ್ರಣದ ಸಿಡಿಯ ಜೊತೆ ಹಾಡುಗಾರನ ಚೀಟಿ: 'ಅಕ್ಕ, ಈ ಸಲ ಕೊನೆಯಲ್ಲಿ ನಿಮ್ಮ ಅಸಲು ದನಿಯನ್ನು ಹಾಗೆಯೇ ಸೇರಿಸಿದ್ದೇವೆ. ಕೇಳಿದವರೆಲ್ಲ ಕಣ್ಣೀರು ಹಾಕುತ್ತಿದ್ದಾರೆ.' ಅವಳು ಅದನ್ನು ಮೊದಲು ಗಂಡನ ಪರ ವಾದಿಸಿದ್ದ ಹಳೆಯ ವಕೀಲನ ಹತ್ತಿರ ಒಯ್ದಳು. ಅವನು ಕನ್ನಡಕ ಒರೆಸುತ್ತ, "ಶಿಕ್ಷೆ ಅನುಭವಿಸಿ ಆಯ್ತಲ್ಲಮ್ಮ, ಇನ್ನೇನು ಮಾಡೋಣ" ಎಂದ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಸಿಡಿ ಪ್ಲೇಯರು ಎರವಲು ತಂದಳು. ಗಂಡ ಕಿಟಕಿಯ ಬಳಿ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಸಿಡಿಯ ಕೊನೆಯ ಭಾಗ ಹಾಕಿದಳು. ಡ್ರಮ್ಮಿಲ್ಲ, ಗಿಟಾರಿಲ್ಲ. ಜನರ ಗುಜುಗುಜು, ಗೇಟಿನ ಸರಳು ಅಲುಗಿದ ಸದ್ದು, ಆಮೇಲೆ ಅವಳ ದನಿ. ಹಾಕ್ಸಿದ್ದು ಯಾರು. ಸ್ಪಷ್ಟವಾಗಿ ಎರಡು ಸಲ.

"ಕೇಳಿಸ್ತಾ?" ಎಂದಳು. "ಈಗ್ಲಾದ್ರೂ ಕೇಳಿಸ್ತಾ ನಿಮಗೆ? ನಾನು ನಿಮ್ಮನ್ನ ಕೇಳಿದ್ದಲ್ಲ."

ಅವನು ಬ್ಲೇಡನ್ನು ನೀರಿನಲ್ಲಿ ಅದ್ದಿದ. "ಯಾವುದಾದ್ರೇನು ಬಿಡೇ. ಹಾಕಿದ್ದು ನಾನೇ ತಾನೇ."

ಹನ್ನೆರಡು ವರ್ಷ ಅವಳ ಸಿಟ್ಟೆಲ್ಲ ಮ್ಯಾನೇಜರಿಗೆ, ಕಂಪನಿಯ ವಕೀಲನಿಗೆ, ಆ ಉದ್ದ ಕೂದಲಿನವನಿಗೆ ಮೀಸಲಾಗಿತ್ತು. ಅಂದು ಮೊದಲ ಬಾರಿಗೆ ಗಂಡನ ಮೇಲೆ ಬಂತು. ಹೌದಲ್ಲ. ಇವನೇ. ದಿನವೂ ಹತ್ತಿ ಹೋಗಿ, ಬಾಗಿಲೆಳೆದು, ಒಳಗೆ ತನ್ನ ನಾದಿನಿ ಕೂತಿರುವುದು ಗೊತ್ತಿದ್ದೂ ಹಾಕಿ ಬಂದವನು. ಮನೆಗೆ ಬಂದು ಅದೇ ನಾದಿನಿಯೊಡನೆ ಉಂಡವನು. ಗೊತ್ತಿದ್ದೂ ಬಡಿಸಿದವಳು ತಾನು.

ಅವಳು ಸಿಡಿಯನ್ನು ತೆಗೆದು ಪ್ಲೇಯರನ್ನು ಪಕ್ಕದ ಮನೆಗೆ ಕೊಟ್ಟುಬಂದಳು. ಅಂದಿನಿಂದ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು: ಹಾಲು ಬಂತಾ, ಬಾಡಿಗೆ ಕೇಳೋಕೆ ಬಂದಿದ್ರಾ, ಮಾತ್ರೆ ತಗೊಂಡ್ರಾ. ಅವನು ಹೂಂ ಅನ್ನುತ್ತಾನೆ. ಅವಳು ಚೀಲ ಹೆಗಲಿಗೇರಿಸಿಕೊಂಡು ಏಳೂವರೆಯ ಬಸ್ಸಿಗೆ ಹೊರಡುತ್ತಾಳೆ.